ಲೆಚ್ಚುಮಿಯಕ್ಕನ ಕೂಗು

ಲೆಚ್ಚುಮಿಯಕ್ಕ ಯಾರ ಮನೆಗೂ ಸದ್ದಿಲ್ಲದೆ ಹೋದವರಲ್ಲ. ಗೇಟಿಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗಲೇ "ಲೆಚ್ಚುಮಿ ಬಂದೇ! ಲೆಚ್ಚುಮಿ!" ಎಂದು ತಮ್ಮ ಹೆಸರನ್ನು ತಾವೇ ಕೂಗಬೇಕು. ಅಂಗಳಕ್ಕೆ ಬಂದ ಮೇಲೆ ಮತ್ತೊಮ್ಮೆ. ಒಳಗಿನಿಂದ ಯಾರಾದರೂ "ಹೂಂ" ಎನ್ನುವವರೆಗೆ ಮೆಟ್ಟಿಲು ಹತ್ತುತ್ತಿರಲಿಲ್ಲ. "ಲಕ್ಷ್ಮಿ ತಾನಾಗಿ ಬರ್ತೇನೆ ಅಂತ ಬೊಬ್ಬೆ ಹಾಕುದು ನಮ್ಮ ಮನೆಯಲ್ಲಿ ಮಾತ್ರ" ಎಂದು ನನ್ನ ಅತ್ತೆ ನಗುತ್ತಿದ್ದರು.

ಅವರು ಸಿಲೋನಿನ ಚಹಾ ತೋಟದಲ್ಲಿ ಹುಟ್ಟಿದ ತಮಿಳರು. ಹತ್ತನೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದು, ಸುಳ್ಯದ ಕಡೆಯ ರಬ್ಬರ್ ತೋಟದ ಕಾಲೊನಿ ಸೇರಿದವರು. ಬೆಳಿಗ್ಗೆ ರಬ್ಬರ್ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮುಗಿಸಿ, ವಾರಕ್ಕೆರಡು ದಿನ ಮಧ್ಯಾಹ್ನ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದರು. ಎಷ್ಟು ಸೋಪು ಹಾಕಿ ತೊಳೆದರೂ ಕೈಯಲ್ಲಿ ರಬ್ಬರ್ ಹಾಲಿನ ಹುಳಿ ವಾಸನೆ. ಬ್ಯಾಂಕಿನ ಬಾಗಿಲಲ್ಲೂ ಹೀಗೇ ಕೂಗಿದಾಗ ಕಾವಲಿನವನು ಗಾಬರಿಬಿದ್ದು ಎದ್ದು ನಿಂತನಂತೆ. ಸಾವಿನ ಮನೆಗೂ ಕೂಗಿಕೊಂಡೇ ಹೋಗಿ ಹಿರಿಯರೊಬ್ಬರಿಂದ ಬೈಸಿಕೊಂಡರು.

"ಬೈಯಲಿ ಬಿಡಿ. ಹೆದರುದಕ್ಕಿಂತ ಬೈಯುದು ಒಳ್ಳೇದಲ್ವಾ ಟೀಚರ್?" ಎಂದರು. ನನಗೆ ಆಗ ಅದು ಅರ್ಥವಾಗಲಿಲ್ಲ.

ಅತ್ತೆ ತೀರಿಕೊಂಡ ಮರುವರ್ಷ, ಒಂದು ರಜೆಯ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಹಿಂಬಾಗಿಲಿನಿಂದ ಇಬ್ಬರು ನುಗ್ಗಿ, ನನ್ನ ಬಾಯಿ ಒತ್ತಿ ಹಿಡಿದು ಕರಿಮಣಿ ಕಿತ್ತುಕೊಂಡು ಹೋದರು. ಮೈಗೆ ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾದರೆ ಸಾಕು, ಎದೆ ಬಾಯಿಗೆ ಬರುತ್ತಿತ್ತು. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲ. ಒಂದು ದಿನ ಬೋರ್ಡಿನಲ್ಲಿ ಬರೆಯುತ್ತಿದ್ದಾಗ ಮೂರನೇ ಕ್ಲಾಸಿನ ಭವ್ಯ ಪುಸ್ತಕ ತೋರಿಸಲು ಹಿಂದಿನಿಂದ ನನ್ನ ಸೆರಗು ಎಳೆದಳು. ತಿರುಗಿದವಳೇ ಅವಳ ಕೆನ್ನೆಗೆ ಹೊಡೆದುಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ ನಾನು. ಮನೆಗೆ ಬಂದು, ನಾಚಿಕೆಯಿಂದ ಅಳುತ್ತಾ ರಾಜೀನಾಮೆ ಪತ್ರ ಬರೆದೆ.

ಆಗ ಲೆಚ್ಚುಮಿಯಕ್ಕ ಬಂದರು. ಎಲ್ಲವನ್ನೂ ಹೇಳಿಕೊಂಡೆ. ಉಳಿದವರೆಲ್ಲ ಹೇಳಿದಂತೆ "ಆದದ್ದಾಯಿತು, ಮರೆತುಬಿಡಿ" ಎಂದು ಅವರು ಹೇಳಲಿಲ್ಲ. ಗುಡಿಸಲು ತೆಗೆದ ಹಿಡಿಸೂಡಿಯನ್ನು ಬದಿಗಿಟ್ಟು ಹೊಸ್ತಿಲ ಹತ್ತಿರ ಕೂತರು.

"ಆಗ ಸಿಲೋನಿನಲ್ಲಿ ನನಗೆ ಏಳು ವರ್ಷ ಟೀಚರ್. ತಮಿಳರನ್ನು ಓಡಿಸ್ಲಿಕ್ಕೆ ಗಲಾಟೆಯವರು ಬಂದು ನಮ್ಮ ಕೂಲಿ ಲೈನಿನ ಮನೆಗಳಿಗೆ ಬೆಂಕಿ ಕೊಟ್ರು. ಅಮ್ಮ ನನ್ನನ್ನು ಎಳ್ಕೊಂಡು ಚಹಾ ಗಿಡಗಳ ಎಡೆಯಲ್ಲಿ ಅಡಗಿದ್ರು. ಬೆಳಿಗ್ಗೆ ಯಾರೋ ಮೆಲ್ಲ ಬರುವ ಸದ್ದು. ನಾವು ಓಡಿದೆವು. ಸದ್ದು ಹಿಂದೆಯೇ ಬಂತು, ಇನ್ನೂ ಜೋರು ಓಡಿದೆವು. ಅದು ಅಪ್ಪ. ನಮ್ಮನ್ನು ಹುಡುಕಿಕೊಂಡು ಬಂದದ್ದು. ಕೂಗಿದ್ರೆ ಆ ಜನಕ್ಕೆ ಕೇಳ್ತದೆ ಅಂತ ಬಾಯಿ ಬಿಡ್ಲಿಲ್ಲ. ನಾಲ್ಕು ದಿನ ಆದ್ಮೇಲೆ ಕ್ಯಾಂಪಿನಲ್ಲಿ ಸಿಕ್ಕಿದ್ರು. ಸಾಯುವವರೆಗೂ ನಗಾಡ್ತಾ ಹೇಳ್ತಿದ್ರು, ನನ್ನ ಮಗಳು ನನಗೇ ಹೆದರಿ ಓಡಿದ್ಳು ಅಂತ. ನನಗೆ ಮಾತ್ರ ನಗು ಬರ್ಲಿಲ್ಲ."

"ಅದಕ್ಕೇ ನೀವು ಕೂಗುದಾ?"

"ಹೌದು. ನನ್ನ ಹೆಜ್ಜೆ ಕೇಳಿ ಯಾರೂ ಹಾಗೆ ಹೆದರುದು ಬೇಡ."

ಮರೆಯಲು ಎಷ್ಟು ವರ್ಷ ಬೇಕಾಯಿತು ಎಂದು ಕೇಳಿದೆ.

"ಎಲ್ಲಿ ಮರೆತದ್ದು? ದೀಪಾವಳಿಗೆ ಪಟಾಕಿ ಹೊಡೆದ್ರೆ ಈಗಲೂ ನಾನು ಮಂಚದ ಅಡಿಯಲ್ಲೇ. ಆದ್ರೆ ಅನ್ನ ಮಾಡ್ತೇನೆ, ಟ್ಯಾಪಿಂಗಿಗೆ ಹೋಗ್ತೇನೆ, ಮೂರು ಮಕ್ಕಳನ್ನು ಸಾಕಿದೆ. ಈ ಹೆದರಿಕೆಗೆ ಪುತ್ತೂರಿನ ಡಾಕ್ಟ್ರ ಮಾತ್ರೆ ಹನ್ನೆರಡು ವರ್ಷದಿಂದ ಉಂಟು. ನಾಡಿದ್ದು ಅವರಲ್ಲಿಗೆ ಹೋಗುವ ನನ್ನ ತಾರೀಕು. ನೀವೂ ಬನ್ನಿ."

ಹೋದೆ. ಯಾರಾದರೂ ಗುರುತಿನವರು ಕಂಡಾರೆಂದು ನಾನು ಮನೋವೈದ್ಯರ ಬಾಗಿಲಲ್ಲಿ ಮುಖಕ್ಕೆ ಸೆರಗು ಅಡ್ಡ ಹಿಡಿದು ಕೂತಿದ್ದರೆ, ಇವರು ಪಕ್ಕದವರಿಗೆಲ್ಲ "ನಮ್ಮ ಟೀಚರ್. ನನ್ನದೇ ಸೀಕು" ಎಂದು ಹೆಮ್ಮೆಯಿಂದ ಪರಿಚಯಿಸಿದರು! ರಾಜೀನಾಮೆ ಪತ್ರವನ್ನು ಬಚ್ಚಲ ಒಲೆಗೆ ಹಾಕಿದವರೂ ಅವರೇ. ಅವರು ಹೇಳಿಕೊಟ್ಟಂತೆ ಭವ್ಯಳಲ್ಲಿ ಕ್ಷಮೆ ಕೇಳಿ, ಹಿಂದಿನಿಂದ ಬರುವಾಗ ಹೆಸರು ಹೇಳಿಕೊಂಡು ಬರಬೇಕೆಂದು ಮಕ್ಕಳಿಗೆಲ್ಲ ಹೇಳಿದೆ. ಅವರಿಗೆ ಅದೊಂದು ಆಟವಾಯಿತು. "ಟೀಚರ್, ನಾನು ಭವ್ಯ!" ಎನ್ನುವ ದನಿಯೇ ಎಲ್ಲರಿಗಿಂತ ಜೋರು. ನಾನು ಇವತ್ತಿಗೂ ಪಾಠ ಮಾಡುತ್ತಿದ್ದೇನೆ. ಅದು ಲೆಚ್ಚುಮಿಯಕ್ಕ ನನಗೆ ಉಳಿಸಿಕೊಟ್ಟ ಕೆಲಸ.

ಕಳೆದ ವರ್ಷ ಶ್ವಾಸಕೋಶದ ಕಾಯಿಲೆಯಿಂದ ಅವರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ಪುತ್ತೂರಿನ ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದ್ದು ದೂರದಿಂದಲೇ ಕಂಡಿತು. ನಾನು ವರಾಂಡದಲ್ಲೇ ನಿಂತೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ.

"ಟೀಚರ್ ಬಂದೇ! ಸುಮತಿ ಟೀಚರ್!"

ನರ್ಸೊಬ್ಬಳು ತುಟಿಗೆ ಬೆರಳಿಟ್ಟುಕೊಂಡು ಓಡಿ ಬಂದಳು. ನಾನು ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ದನಿಯಲ್ಲಿ "ಹೂಂ" ಎಂದು ಕೇಳಿಸಿತು. ಆಮೇಲೆ ಒಳಗೆ ಹೋದೆ.