ಕುರಿ, ತೋಳ ಮತ್ತು ರಾಗದ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು ರಾಗದ ಮೇಷ್ಟ್ರು. ಅದು ಹೇಗೋ ಅವರ ಕಿವಿಗೂ ಬಿದ್ದಿತ್ತು. ತಮ್ಮ ಕಂಠ ಚೆನ್ನಾಗಿರುವುದಕ್ಕೇ ಈ ಬಿರುದು ಬಂದಿದೆ ಎಂದು, ಪಾಪ, ಇಪ್ಪತ್ತೆಂಟು ವರ್ಷ ನಂಬಿಕೊಂಡಿದ್ದರು. ಅವರ ತರಗತಿಯಲ್ಲಿ ಓದುವುದಕ್ಕೆ ಒಂದು ಕ್ರಮವಿತ್ತು. ಎದ್ದು ನಿಲ್ಲಬೇಕು, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿಯಬೇಕು, ಪ್ರತಿ ವಾಕ್ಯದ ಬಾಲವನ್ನೂ ಬಾವಿಯಿಂದ ಕೊಡ ಸೇದಿದಂತೆ ಮೇಲಕ್ಕೆ ಎಳೆದು ನಿಲ್ಲಿಸಬೇಕು. ಕಥೆಯಲ್ಲಿ ರಾಜ ಸತ್ತರೂ ಅದೇ ರಾಗ, ಮಗು ಹುಟ್ಟಿದರೂ ಅದೇ ರಾಗ.

ಆ ವರ್ಷ ಮೇಲಿನವರಿಗೆ ಏನು ಹೊಳೆಯಿತೋ, ಇಂಗ್ಲಿಷ್ ಕಲಿಸುವವರಿಗೆಲ್ಲ ಉಚ್ಚಾರಣೆಯ ತರಬೇತಿ ಇಟ್ಟರು. ಕಲಿಸಲು ಬಂದವಳು ಮೇಷ್ಟ್ರ ಮಗಳಿಗಿಂತ ಚಿಕ್ಕವಳು. ಎಲ್ಲರಿಗೂ ಎಂಟು ಸಾಲಿನ ಒಂದು ನೀತಿಕಥೆಯ ಹಾಳೆ ಹಂಚಿದಳು. ತೋಳವೊಂದು ಕುರಿಯ ಮನೆಯ ಕದ ತಟ್ಟುತ್ತದೆ. "ಹೂ ಈಸ್ ದೇರ್?" ಎನ್ನುತ್ತದೆ ಕುರಿ. "ಎ ಫ್ರೆಂಡ್" ಎನ್ನುತ್ತದೆ ತೋಳ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಹಾಗೆ. ನನ್ನ ಸ್ನೇಹಿತರು ಇಷ್ಟು ಮೆಲ್ಲಗೆ ಕದ ತಟ್ಟುವುದಿಲ್ಲ ಎಂದು ಕುರಿ ಅಗುಳಿ ತೆಗೆಯದೆ ಬದುಕಿಕೊಳ್ಳುತ್ತದೆ. ಅಷ್ಟೇ ಕಥೆ.

ಒಬ್ಬೊಬ್ಬರು ಓದಿದ್ದನ್ನೂ ಆಕೆ ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದಳು. ಮೇಷ್ಟ್ರ ಸರದಿ ಬಂದಾಗ ಫೋನಿನೊಳಗೆ ಕುರಿಯೂ ತೋಳವೂ ಒಂದೇ ದನಿಯಲ್ಲಿ ಹಾಜರಿ ಕೂಗುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದನ್ನಾದರೂ ಸಹಿಸಬಹುದಿತ್ತು. "ಈಗ ಇದನ್ನ ಕೇಳಿ ಸರ್" ಎಂದು ಆಕೆ ಸರಿಯಾದ ಓದನ್ನು ಹಾಕಿದಳು. ಕುರಿಯ ಪ್ರಶ್ನೆ ನಡುಗಿತು. ತೋಳ ತಗ್ಗಿದ ದನಿಯಲ್ಲಿ ನಯವಾಗಿ ಉತ್ತರಿಸಿತು. ಮೇಷ್ಟ್ರ ಕಿವಿ ಬಿಸಿಯಾಯಿತು. ಈ ಥರದ ಓದನ್ನು ಅವರು ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರು, ಅದೂ ತಮ್ಮದೇ ತರಗತಿಯಲ್ಲಿ.

ಇಸ್ತ್ರಿ ಅಂಗಡಿಯವನ ಮಗಳು. ಆರನೇ ತರಗತಿ, ಮೂರನೇ ಸಾಲು. ಅಪ್ಪನ ಅಂಗಡಿಯಲ್ಲಿ ದಿನವಿಡೀ ಒದರುತ್ತಿದ್ದ ರೇಡಿಯೋದಲ್ಲಿ ನಾಟಕ, ಇಂಗ್ಲಿಷ್ ವಾರ್ತೆ ಕೇಳಿ ಕೇಳಿ ಅವಳ ಇಂಗ್ಲಿಷಿಗೆ ಏರಿಳಿತ ಬಂದಿತ್ತು. ಅವಳು ಓದಿದರೆ ಪಾಠದೊಳಗಿನ ಜನ ಎದ್ದು ಬಂದು ಮಾತಾಡುತ್ತಿದ್ದರು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. "ಇದೇನು ಪಾಠನೋ ನಾಟಕನೋ? ನೆಟ್ಟಗೆ ಓದು" ಎಂದು ಮೇಷ್ಟ್ರು ಗದರಿದ್ದರು. ಮೂರು ದಿನ ಜಗಲಿಯಲ್ಲಿ ನಿಲ್ಲಿಸಿ ಓದಿಸಿದ್ದರು. ನಾಲ್ಕನೆಯ ದಿನ ಅವಳು ಎಲ್ಲರಂತೆ ಬಾಲ ಎಳೆದು ಓದಿದಾಗ, "ಈಗ ದಾರಿಗೆ ಬಂದೆ" ಎಂದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ನಾಚಿಕೆಯೆಂದರೆ ಇದು. ತರಬೇತಿಯ ಕೋಣೆಯಲ್ಲಿ ಮೇಷ್ಟ್ರು ಹಿಡಿಯಷ್ಟಾಗಿ ಕೂತಿದ್ದರು.

ಆಮೇಲಿನ ವಾರವೆಲ್ಲ ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ. "ಹೂ ಈಸ್ ದೇರ್?" ಎಂದು ಇವರು ಕೂಗಿದರೆ, "ನಾನೇ ಕಣ್ರೀ, ಈ ಮನೆಯಲ್ಲಿ ಇನ್ಯಾರಿದಾರೆ?" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದರು. ಆದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ದನಿ ಹಳೆಯ ಜಾಡಿಗೇ ಹೋಗಿ ಬೀಳುತ್ತಿತ್ತು. ಕೊನೆಗೆ ಭಾನುವಾರ ಬೆಳಿಗ್ಗೆ ಹಾಳೆಯನ್ನು ಜೇಬಿಗಿಟ್ಟುಕೊಂಡು ಇಸ್ತ್ರಿ ಅಂಗಡಿಗೆ ಹೋದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಈಗ ಅವಳದೇ. ವಾರವಾರವೂ ಮೇಷ್ಟ್ರ ಶರ್ಟುಗಳು ಅವಳ ಕೈಯಿಂದಲೇ ಗರಿಗರಿಯಾಗಿ ಬರುತ್ತಿದ್ದವು. ಅವಳಿಂದ ಒಮ್ಮೆ ಓದಿಸಿ, ನೀನು ಓದುತ್ತಿದ್ದುದೇ ಸರಿ ಎಂದು ಹೇಳಿಬಿಡಬೇಕು, ಎದೆಯ ಭಾರ ಇಳಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕ.

"ಇದನ್ನ ಒಂದ್ಸಲ ಓದ್ತೀಯಾ ಅಮ್ಮ?"

ಅವಳು ಬೆರಗಾಗಿ ನಕ್ಕಳು. ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ಸೆಟೆದು ನಿಂತಳು. ಹಾಳೆಯನ್ನು ಎದೆಮಟ್ಟಕ್ಕೆ ಹಿಡಿದು ಓದಿದಳು. ಎಲ್ಲೂ ತೊದಲಲಿಲ್ಲ. ಎಂಟು ಸಾಲಿನ ಎಂಟು ಬಾಲಗಳೂ ಒಂದೇ ಎತ್ತರಕ್ಕೆ ಹೋಗಿ ನಿಂತವು.

"ಸರಿ ಇತ್ತಾ ಸರ್?"

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಮೊದಲು ಓದ್ತಿದ್ದೆಯಲ್ಲ, ಹಾಗೆ ಓದು."

"ಅಯ್ಯೋ, ಅದಾ! ನೀವೇ ಬಿಡಿಸಿದ್ರಲ್ಲ ಸರ್. ಈಗ ಬೇಕಂದ್ರೂ ಬರಲ್ಲ." ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಶರ್ಟಿನ ಮೇಲಿಟ್ಟಳು. "ನನ್ನ ಮಗಳಿಗೂ ಅದೇ ಚಾಳಿ ನೋಡಿ. ದಿನಾ ಕೂರಿಸ್ಕೊಂಡು ನೀವು ಹೇಳಿಕೊಟ್ಟ ಹಾಗೇ ನೆಟ್ಟಗೆ ಓದಿಸ್ತಿದೀನಿ. ಮುಂದಿನ ವರ್ಷ ನಿಮ್ಮ ಕ್ಲಾಸಿಗೇ ಬರ್ತಾಳೆ."

"ಬೇಡ" ಎಂದರು ಮೇಷ್ಟ್ರು. "ಅವಳಿಗೆ ಹಾಗೆ ಹೇಳಿಕೊಡಬೇಡ."

ಅವಳ ಮುಖ ಸಪ್ಪಗಾಯಿತು. "ಯಾಕೆ ಸರ್, ನಮ್ಮಂಥವರ ಮಕ್ಕಳಿಗೆ ಇಂಗ್ಲಿಷ್ ಬರಲ್ವಾ?"

ಕ್ಷಮೆ ಕೇಳಲು ಹೋದ ಮಾತೂ ಹೊಡೆತವಾಗಿ ಬಿದ್ದಿತ್ತು. ಮೇಷ್ಟ್ರು ಕಟ್ಟೆಯನ್ನು ಹಿಡಿದುಕೊಂಡರು.

"ನನಗೇ ಬರ್ತಿರಲಿಲ್ಲ ಕಣಮ್ಮ. ನಿನಗೆ ಬರ್ತಿತ್ತು."

ಅವಳು ಅವರನ್ನೇ ನೋಡುತ್ತ ನಿಂತಳು, ಕೈ ಆಡಿಸುವುದನ್ನೂ ಮರೆತು. ಬಟ್ಟೆ ಸೀದ ವಾಸನೆ ಬಂತು. ಶರ್ಟು ಮೇಷ್ಟ್ರದೇ.