ವಿಕ್ಟರ್‌ನ ಗಿಟಾರ್ ಮತ್ತು ಬ್ಯಾಡಗಿಯ ದಾರಿ

ಹಾವೇರಿಯಿಂದ ಬೆಳಗಿನ ಎಂಟರ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ ಫ್ರೀ. ಆಧಾರ್ ಕಾರ್ಡ್ ತೋರಿಸಿದರಾಯಿತು. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಬ್ಯಾಡಗಿಯಲ್ಲಿ ನನ್ನ ತಮ್ಮ ವಿಕ್ಟರ್ ಹಾಸಿಗೆ ಹಿಡಿದಿದ್ದ. ಚರ್ಚಿನ ಕ್ವಾಯರ್‌ನಲ್ಲಿ ನಲವತ್ತು ವರ್ಷ ಗಿಟಾರ್ ನುಡಿಸಿದವನ ಎಡಗೈ ಸ್ಟ್ರೋಕ್ ಆದಮೇಲೆ ಏಳುತ್ತಿರಲಿಲ್ಲ. ಅವನ ಹಳೆಯ ಗೆಳೆಯ, ಮದುವೆ ಆರ್ಕೆಸ್ಟ್ರಾದ ಗಿಟಾರಿಸ್ಟ್ ಖಾದರ್‌ಸಾಬರನ್ನು ಕರೆತರಲು ಮೊದಲು ರಾಣೆಬೆನ್ನೂರಿಗೆ ಹೋದೆ.

ಇಬ್ಬರೂ ಮಾತು ಬಿಟ್ಟು ಹತ್ತು ವರ್ಷ. ಬಿಟ್ಟದ್ದು ನನ್ನ ಹಸ್ಬೆಂಡ್‌ನ ಫ್ಯೂನರಲ್ ದಿನ. ನಾನು ಹಾಡುತ್ತಿದ್ದೆ, ನಡುವೆ ದುಃಖ ಒತ್ತರಿಸಿ ದನಿ ನಿಂತಿತು. ವಿಕ್ಟರ್ ನೊಟೇಶನ್‌ನಿಂದ ಕಣ್ಣೆತ್ತದೆ ಕೊನೆಯವರೆಗೆ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ. "ಇವ ಗಿಟಾರಿಸ್ಟ್ ಅಲ್ಲ, ಟೈಪಿಸ್ಟ್" ಎಂದು ಖಾದರ್‌ಸಾಬರು ಎಲ್ಲರೆದುರೇ ಅಂದುಬಿಟ್ಟರು.

ಕರೆದೊಡನೆ ಖಾದರ್‌ಸಾಬರು ಹೊರಟು ಬಂದರು. ಆದರೆ ಬ್ಯಾಡಗಿಯ ಬಸ್ಸಿನಲ್ಲೂ ಅದೇ ವಾದ.

"ಅಕ್ಕಾರ, ಅವನ ಕೈ ಸ್ವಚ್ಛ ಐತಿ, ಖರೇ. ನಮ್ಮ ಹಾಡಾಂವ ಕುಡದು ಬಂದು, ಕಪ್ಪು ಒಂದ್ರ ಶ್ರುತಿದಾಗ ಸುರು ಮಾಡಿ ನಡುವ ಕಪ್ಪು ಎರಡಕ್ಕ ಜಿಗೀತಿದ್ದ. ಅವನ ಬೆನ್ನ ಹತ್ತಿ ಹೋಗಬೇಕ್ರಿ. ಅದು ಗಿಟಾರು."

"ವೆಸ್ಟರ್ನ್ ಕ್ಲಾಸಿಕಲ್‌ದಾಗ ಯಾರ ಬೆನ್ನ ಹತ್ತೀರಿ? ಅಲ್ಲಿ ಡಿಸಿಪ್ಲಿನ್ನೇ ದೊಡ್ಡದು."

"ಕವ್ವಾಲಿ ಇರ್ಲಿ, ಚರ್ಚ್ ಇರ್ಲಿ, ಕೈಕಿಂತ ಕಿವಿ ಮೊದ್ಲ."

"ಇವತ್ತೊಂದಿನ ಅವಗ ನೀ ಗ್ರೇಟ್ ಅಂದುಬಿಡ್ರಿ."

"ಅವನ್ನ ನೋಡಾಕ ಬರಾಕತ್ತೇನ್ರಿ, ಸರ್ಟಿಫಿಕೇಟ್ ಕೊಡಾಕಲ್ಲ."

ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿತು. ಊರು ಬರುವ ಮೊದಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಂತು.

"ಬಂದ್ಯೇನಲೇ, ಮದ್ವಿ ಬ್ಯಾಂಡ್?" ಎಂದ ವಿಕ್ಟರ್, ಹಾಸಿಗೆಯಿಂದಲೇ. ನಾಲಿಗೆ ತೊದಲುತ್ತಿತ್ತು.

"ಬಂದೀನೋ, ಟೈಪಿಸ್ಟ್."

ಇಬ್ಬರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ವಿಕ್ಟರ್ ನನ್ನ ಕಡೆ ತಿರುಗಿದ.

"ಅಕ್ಕಾ, ಖರೇ ಹೇಳು. ಅವತ್ತ ನಿನ್ನ ಹಾಡು ನಿಂತಾಗ ನಾನೂ ನಿಂದರಬೇಕಿತ್ತೇನ?"

ಹೌದು ಎಂಬ ಮಾತನ್ನು ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದೆ. "ಇಲ್ಲಪ್ಪ. ಯು ಪ್ಲೇಡ್ ಬ್ಯೂಟಿಫುಲೀ" ಎಂದೆ. ಅವನು ನನ್ನನ್ನೇ ನೋಡಿ, ಗೋಡೆಯ ಕಡೆ ಮುಖ ಹೊರಳಿಸಿದ. ಊಟಕ್ಕೆ ಕರೆದರೂ ಈ ಕಡೆ ತಿರುಗಲಿಲ್ಲ. ನಾವೂ ಅರ್ಧ ರೊಟ್ಟಿಗೆ ಎದ್ದೆವು.

ಸಂಜೆ ಮೋಟೆಬೆನ್ನೂರಿನ ಕ್ರಾಸಿನಲ್ಲಿ ಇಳಿದೆವು. ಅವರಿಗೆ ರಾಣೆಬೆನ್ನೂರಿನ ಬಸ್ಸು, ನನಗೆ ಹಾವೇರಿಯದು. ಖಾದರ್‌ಸಾಬರು ರಸ್ತೆ ನೋಡುತ್ತಲೇ ಅಂದರು.

"ಅವ ಮಾಫಿ ಕೇಳಾಕ ಹತ್ತಿದ್ದ್ರಿ, ಅಕ್ಕಾರ. ನೀವು ಕೇಳಗೊಡ್ಲಿಲ್ಲ."

ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ಬ್ಯಾಡಗಿಯ ರಸ್ತೆ ಕಾಣುತ್ತಿತ್ತು, ಇನ್ನೂ ಬೆಳಕಿತ್ತು. ಇಳಿದು ಹಿಂದಕ್ಕೆ ಹೋಗಬಹುದಿತ್ತು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಹಾವೇರಿ ಎಂದೆ.