ಎರಿಭೂತ ಉಳಿಸಲು ಬಂದ ಕೆಂಪಬಾಯಿ

ಕಳೆದ ತಿಂಗಳು ಪಿಂಚಣಿಗೆಂದು ಜಮಖಂಡಿಯ ಬ್ಯಾಂಕಿಗೆ ಹೋಗಿ ಕಟ್ಟಿಗೆಯ ಬಾಕಿನ ಮೇಲೆ ಕೂತಿದ್ದೆ. ಎದುರಿನ ಗೋಡೆಗೆ ಹೊಸದೊಂದು ಚಿತ್ರ ಅಂಟಿಸಿದ್ದರು. ಒಣಹುಲ್ಲಿನ ನಡುವೆ ನಿಂತ ಎತ್ತರದ ಹಕ್ಕಿ. ಬಿಳಿಯ ಕತ್ತು, ತಲೆಯ ಮೇಲೆ ಕರಿಯ ಟೊಪ್ಪಿಗೆಯಂಥ ಗರಿ. ಕೆಳಗೆ ‘ಅಳಿವಿನಂಚಿನ ಈ ಹಕ್ಕಿಯನ್ನು ಉಳಿಸೋಣ’ ಎಂಬ ಸಾಲು, ಮೂಲೆಯಲ್ಲಿ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯ ಗುರುತು. ನನ್ನ ಪಕ್ಕದಲ್ಲಿ ತೇರದಾಳದ ಕಡೆಯ ರೈತರೊಬ್ಬರು ಕೂತಿದ್ದರು. ಬಹಳ ಹೊತ್ತು ಅದನ್ನೇ ದಿಟ್ಟಿಸಿ, “ಇದೇನ್ ಟರ್ಕಿ ಕೋಳಿ ಏನ್ರಿ ಬಾಯಾರ?” ಎಂದು ಕೇಳಿದರು.

“ಅಲ್ರಿ, ಎರಿಭೂತ,” ಎಂದೆ.

ಅವರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೊಂಚ ಆಚೆ ಸರಿದು ಕೂತರು.

ಅವರದೇನೂ ತಪ್ಪಿಲ್ಲ. ಬ್ಯಾಂಕಿನಲ್ಲಿ ಒಬ್ಬ ಮುದುಕಿ ಭೂತದ ಮಾತೆತ್ತಿದರೆ ಯಾರಾದರೂ ಸರಿಯುತ್ತಾರೆ. ಆದರೆ ನಮ್ಮ ಕಡೆ ಆ ಹಕ್ಕಿಗೆ ಇದ್ದ ಹೆಸರೇ ಅದು. ಕರಿಯ ಎರೆಮಣ್ಣಿನ ಹೊಲದಲ್ಲಿ ದೂರದಿಂದ ಮನುಷ್ಯನಂತೆ ನಿಂತು, ನೀವು ನೋಡನೋಡುತ್ತಿದ್ದಂತೆಯೇ ಇಲ್ಲವಾಗಿಬಿಡುತ್ತಿತ್ತು. ನಾನು ಅದನ್ನು ಕಂಡದ್ದು ಬದುಕಿನಲ್ಲಿ ಒಂದೇ ಸಲ. ಅದನ್ನು ನನಗೆ ತೋರಿಸಿದವಳು ಇಲ್ಲಿಯವಳೂ ಅಲ್ಲ, ಕಡಲಾಚೆಯಿಂದ ಬಂದವಳು. ಆ ಸಂಗತಿ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ನಿಮಗೆ ಹೇಳುತ್ತ ಹೋದರೆ ಅರ್ಥವಾದೀತೇನೋ ಎಂಬ ಆಸೆ.

ಸಂಸ್ಥಾನ ವಿಲೀನವಾಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ. ನಾನು ಜಮಖಂಡಿಯ ಕನ್ಯಾಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದೆನಲ್ಲ, ವ್ಯಾಕರಣ ಕಲಿಸುತ್ತಿದ್ದೆ. ಎಂಥ ವಾಕ್ಯ ಕೊಟ್ಟರೂ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸಿಡುತ್ತಿದ್ದೆ. ಇಂಗ್ಲಿಷ್ ಮನುಷ್ಯರ ಜೊತೆ ಒಂದು ವಾಕ್ಯವನ್ನೂ ಆಡಿರಲಿಲ್ಲ. ಒಂದು ದಿನ ತಾಲೂಕಿನ ಮಾಮಲೇದಾರರ ಕಚೇರಿಯಿಂದ, ಇಂಗ್ಲಿಷ್ ಬಲ್ಲವರು ಬೇಕೆಂದು, ಕರೆ ಬಂತು. ಹೋದರೆ ಅಲ್ಲಿ ಅಗಲವಾದ ಹ್ಯಾಟು ಮಡಿಲಲ್ಲಿಟ್ಟುಕೊಂಡು ಒಬ್ಬ ವಿದೇಶೀ ಹೆಂಗಸು ಕೂತಿದ್ದಳು. ವಯಸ್ಸು ನನ್ನ ತಾಯಿಯಷ್ಟು. ಹೆಸರು ಮಿಸ್ ಕೆಂಟ್. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತಾದ್ದರಿಂದ ಹಳ್ಳಿಯವರ ಬಾಯಲ್ಲಿ ಮಿಸ್ ಕೆಂಟ್ ಬಲುಬೇಗ ‘ಕೆಂಪಬಾಯಿ’ ಆದಳು.

ಮಾಮಲೇದಾರರು ನನ್ನನ್ನು ಬದಿಗೆ ಕರೆದು ಪಿಸುದನಿಯಲ್ಲಿ ಹೇಳಿದರು: “ನೋಡ್ರಿ ಬಾಯಿ, ನಮ್ಮ ತಾಲೂಕಿನಾಗ ಹುಲಿ ಇಲ್ಲ, ಆನಿ ಇಲ್ಲ. ಈಕಿ ಪ್ರಾಣಿ ಉಳಸಲಿಕ್ಕೆ ಬಂದೀನಿ ಅಂತಾಳ. ಯಾವ ಪ್ರಾಣಿ ಅಂತ ನೀವರೆ ಕೇಳ್ರಿ.”

ಕೇಳಿದೆ. ಯುದ್ಧ ಮುಗಿದ ಮೇಲೆ ಹಲವು ದೇಶಗಳವರು ಕೂಡಿ ಒಂದು ಸಂಸ್ಥೆ ಕಟ್ಟಿದ್ದರಂತೆ. ಭೂಮಿಯ ಮೇಲೆ ಯಾವ್ಯಾವ ಪ್ರಾಣಿ ತೀರಿಹೋಗುವ ಸ್ಥಿತಿಯಲ್ಲಿವೆಯೋ ಅವನ್ನು ಹುಡುಕಿ, ಆಯಾ ಸರಕಾರಕ್ಕೆ ಹೇಳಿ, ಉಳಿಸುವುದು ಅದರ ಕೆಲಸ. ಈಕೆ ಅದರ ಪರವಾಗಿ ಬಂದವಳು. ಮಿಸ್ ಕೆಂಟ್ ಚೀಲದಿಂದ ಚಿತ್ರ ತೆಗೆದು ತೋರಿಸಿದಳು.

ಮಾಮಲೇದಾರರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಅಯ್ಯ, ಇದನ್ನ ತಿಂತಾರಲ್ರಿ!” ಎಂದರು. ಆ ಮಾತನ್ನು ನಾನು ಅನುವಾದಿಸಲಿಲ್ಲ.

ಹಾಗೆ ಶುರುವಾಯಿತು ನಮ್ಮ ಜೀಪಿನ ತಿರುಗಾಟ. ಮುಧೋಳದಲ್ಲಿ, ವಿಲಾಯತಿಯಿಂದ ಪ್ರಾಣಿ ನೋಡುವ ಬಾಯಿ ಬಂದಿದ್ದಾಳೆಂದರೆ ಜನ ಬೇರೇನು ತಿಳಿಯಬೇಕು? ತಮ್ಮ ಬೇಟೆನಾಯಿಗಳನ್ನು ತೊಳೆದು, ಎಣ್ಣೆ ಸವರಿ, ಸಾಲಾಗಿ ತಂದು ನಿಲ್ಲಿಸಿದ್ದರು. ಮಿಸ್ ಕೆಂಟ್ ಗಾಬರಿಯಾದರೂ ಪ್ರತಿಯೊಂದರ ತಲೆ ಸವರಿದಳು. “ಯಾವುದು ಪಸಂದ ಬಂತು ಕೇಳ್ರಿ ಅಕ್ಕಾರ,” ಎಂದು ಒಬ್ಬರು ದುಂಬಾಲುಬಿದ್ದರು. ನಾಯಿ ಬೇಡ, ಹಕ್ಕಿ ಬೇಕು ಎಂದಾಗ ಅವರಿಗಾದ ಅವಮಾನ ನೋಡಬೇಕಿತ್ತು ನೀವು.

ರನ್ನ ಬೆಳಗಲಿಯಲ್ಲಿ ಫಜೀತಿ ನನ್ನದೇ. ಆ ಹಕ್ಕಿ ‘ನಿರ್ವಂಶ ಆಗ್ತದಂತ’ ಎಂದು ವಿವರಿಸಿದೆ. ಕಟ್ಟೆಯ ಮೇಲಿದ್ದ ಒಬ್ಬ ಅಜ್ಜಿ ಕೆನ್ನೆ ಬಡಿದುಕೊಂಡು, “ಬಿಡ್ತು ಅನ್ನ ಯವ್ವಾ! ಮುಂಜಾನೆದ್ದು ಯಾರಿಗೆ ನಿರ್ವಂಶ ಅಂತಾಳ ಈಕಿ?” ಎಂದು ಸಿಟ್ಟಿಗೆದ್ದಳು. ಹೊಸ ಮಾತು ಹುಡುಕಬೇಕಾಯಿತು. ಸಿಕ್ಕ ಮಾತು ಇನ್ನೂ ಕೆಟ್ಟದ್ದು. ಹಕ್ಕಿ ಎಲ್ಲೆಲ್ಲಿದೆಯೆಂದು ನೋಡುವುದಕ್ಕೆ ಮಿಸ್ ಕೆಂಟ್ ‘ಸರ್ವೇ’ ಎನ್ನುತ್ತಿದ್ದಳು. ಆ ಒಂದು ಇಂಗ್ಲಿಷ್ ಶಬ್ದ ಮಾತ್ರ ಎಲ್ಲರಿಗೂ ಬರುತ್ತಿತ್ತು. ಸರ್ವೇ ಎಂದರೆ ಹೊಲ ಅಳೆಯುವುದು. ಉಳುವವನಿಗೆ ಹೊಲದ ಮೇಲೆ ಹಕ್ಕು ಕೊಡುವ ಕುಳಕಾಯ್ದೆ ಹೊಸದಾಗಿ ಬಂದಿದ್ದ ದಿನಗಳವು. ಕೊಡುವವರೂ ಪಡೆಯುವವರೂ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಹಕ್ಕಿ ಸಿಕ್ಕ ಹೊಲವನ್ನು ಸರಕಾರ ಹಿಡಿಯುತ್ತದಂತೆ ಎಂಬ ಸುದ್ದಿ ನಮ್ಮ ಜೀಪಿಗಿಂತ ಮುಂದೆ ಓಡತೊಡಗಿತು. ಆಮೇಲೆ ಯಾವ ಊರಿಗೆ ಹೋದರೂ ಒಂದೇ ಉತ್ತರ: “ಆ ಹಕ್ಕಿ ನಮ್ಮ ಕಡಿ ಇಲ್ರಿ. ಬಾಜೂ ಊರಾಗ ಕೇಳ್ರಿ.”

ಇಂಥ ಹೊತ್ತಿನಲ್ಲಿ ನಮ್ಮ ಅಣ್ಣಾಮಾಮಾ ಮನೆಗೆ ಬಂದ. ನನ್ನ ತಾಯಿಯ ಅಣ್ಣ. ಸಂಸ್ಥಾನದಲ್ಲಿ ಅತಿಥಿಗಳ ಶಿಕಾರಿಯ ವ್ಯವಸ್ಥೆ ನೋಡುತ್ತಿದ್ದವನು. ಎರಿಭೂತವನ್ನು ಅವನಷ್ಟು ಹೊಡೆದವರು ಈ ಸೀಮೆಯಲ್ಲಿ ಇದ್ದಿರಲಾರರು. ವಿಲೀನವಾದ ಮೇಲೆ ಬಂದೂಕು ಗೋಡೆಗೆ, ಅವನು ಆರಾಮಕುರ್ಚಿಗೆ ಬಂದಿದ್ದರು.

“ನಿಮ್ಮ ಬಾಯಿಗೆ ಹೇಳವಾ,” ಎಂದ. “ಬೀಳಗಿ ಕಡೆ ನಮ್ಮ ಹೊಲದಾಗ ಅದ ಆ ಹಕ್ಕಿ. ಪಾಪ, ಮೂಕಪ್ರಾಣಿ. ಆ ಹೊಲಾ ನಾ ಹಕ್ಕಿಗೇ ಬಿಟ್ಟುಕೊಡ್ತೀನಿ. ಅಲ್ಲೆ ಇನ್ನ ಯಾರೂ ಉಳಬಾರದು.”

ನನ್ನ ಕಣ್ಣು ಒದ್ದೆಯಾಯಿತು. ಅವನು ಹೋದ ಮೇಲೆ ತಾಯಿ ಅವಲಕ್ಕಿ ಆರಿಸುತ್ತ, “ಅಣ್ಣಗ ಹಕ್ಕಿ ಮ್ಯಾಲ ಪ್ರೀತಿ ಹುಟ್ಟಿದ್ದು ಖರೇನೂ ಇರಬಹುದು,” ಎಂದಳು. “ಆದ್ರ ಎಲ್ಲೆ ಹುಟ್ಟೇದ ನೋಡು. ಗಂಗವ್ವ ಉಳೂ ಹೊಲದಾಗ.”

ಗಂಗವ್ವ ಆ ಹೊಲದ ಕುಳ, ಅಂದರೆ ಮಾಮಾನಿಂದ ಗೇಣಿಗೆ ಪಡೆದು ಉಳುವವಳು. ಅವಳ ಮಾವನ ಕಾಲದಿಂದ ಅವರದೇ ಸಾಗುವಳಿ. ಗಂಡ ತೀರಿಕೊಂಡಿದ್ದ, ಮೈದುನನನ್ನು ಜೊತೆಗಿಟ್ಟುಕೊಂಡು ತಾನೇ ಒಕ್ಕಲುತನ ನಡೆಸಿದ್ದಳು. ಹೊಸ ಕಾಯ್ದೆಯಂತೆ ಹೊಲ ತನ್ನದಾಗಬೇಕೆಂದು ಅವಳು ಅರ್ಜಿ ಹಾಕಿದ್ದು ನನಗೆ ಆ ದಿನ ತಿಳಿಯಿತು.

ಮಳೆಗಾಲ. ಹಿಂಗಾರಿ ಜೋಳಕ್ಕೆಂದು ಹೊಲ ಹದಮಾಡುವ ಸಮಯ. ಜೀಪು ಎರೆಯಲ್ಲಿ ಹೂತುಕೊಳ್ಳುತ್ತದೆಂದು ರಸ್ತೆಯಲ್ಲೇ ಬಿಟ್ಟು ಮಿಸ್ ಕೆಂಟ್, ಅಣ್ಣಾಮಾಮಾ, ನಾನು ಮೂವರೂ ಆ ಹೊಲಕ್ಕೆ ನಡೆದೆವು. ಒಂದೊಂದು ಹೆಜ್ಜೆಗೂ ಮಣ್ಣು ಮೆತ್ತಿ ಮಿಸ್ ಕೆಂಟಳ ಬೂಟು ರೊಟ್ಟಿ ಬಡಿಯುವ ಹಲಗೆಯಷ್ಟು ಅಗಲವಾಗಿತ್ತು. ನನ್ನ ಸೀರೆಯ ಅಂಚಿನ ಗತಿ ಹೇಳಬಾರದು. ಏರು ದಾಟಿದ್ದೇ ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

ನಿಂತಿತ್ತು. ಕರಿಯ ನೆಲದ ಮೇಲೆ, ಯಾರನ್ನೋ ಕಾಯುತ್ತಿರುವ ಹಿರಿಯರ ಹಾಗೆ. ಒಂದು ಹೆಜ್ಜೆ ಇಟ್ಟಿತು, ನಿಂತಿತು, ಕತ್ತು ಎತ್ತಿ ನಮ್ಮ ಕಡೆ ನೋಡಿತು. ಓಡುವ ಅವಸರವಿಲ್ಲ. ಮಿಸ್ ಕೆಂಟ್ ದೂರದರ್ಶಕ ಕಣ್ಣಿಗೆ ಹಿಡಿಯುವುದನ್ನೂ ಮರೆತು ಅಳುತ್ತಿದ್ದಳು. ಅಣ್ಣಾಮಾಮಾನ ಬಲಭುಜ ತಾನಾಗಿಯೇ ಒಮ್ಮೆ ಮೇಲೆದ್ದು ಇಳಿಯಿತು. ಬಳಿಕ ಅವನು ತೀರ ಮೆಲ್ಲಗೆ, “ಎಷ್ಟು ಹೊಡದೀನಿ ಇದನ್ನ. ಹಿಂಗ ನಿಂತು ನೋಡಿದ್ದು ಇವತ್ತ,” ಎಂದ. ಆ ಮಾತು ನಾಟಕದ್ದಲ್ಲ. ತಾಯಿ ಹೇಳಿದ್ದನ್ನೂ ಈ ಮಾತನ್ನೂ ಒಟ್ಟಿಗೆ ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಹೊಲದ ಆಚೆಯ ತುದಿಯಿಂದ ಕುಂಟೆ ಹೂಡಿದ ಎತ್ತುಗಳನ್ನು ನಿಲ್ಲಿಸಿ ಗಂಗವ್ವ ಬಂದಳು. ಹಕ್ಕಿ ನಿಧಾನವಾಗಿ ಏರಿನ ಹಿಂದೆ ಸರಿಯಿತು. ಮಿಸ್ ಕೆಂಟ್ ಸಂಭ್ರಮದಿಂದ ಹೇಳಿದಳು, ನಾನು ಕನ್ನಡ ಮಾಡಿದೆ: ಈ ರಾಯರು ದೊಡ್ಡ ಮನಸ್ಸಿನಿಂದ ಹೊಲವನ್ನು ಹಕ್ಕಿಗೆ ಬಿಟ್ಟುಕೊಡುತ್ತಿದ್ದಾರೆ, ನಮ್ಮ ಸಂಸ್ಥೆ ಸರಕಾರಕ್ಕೆ ಶಿಫಾರಸು ಮಾಡುತ್ತದೆ, ಇನ್ನು ಇಲ್ಲಿ ನೇಗಿಲು ಕುಂಟೆ ಏನೂ ಆಡುವುದಿಲ್ಲ.

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಯಾರ ಹೊಲಾ ಯಾರು ಬಿಟ್ಟುಕೊಡಾಕತ್ತಾರ ಅಕ್ಕಾರ?”

ಅವಳು ಮಿಸ್ ಕೆಂಟಳ ಕೈ ಹಿಡಿದು, “ಬಾ ಯವ್ವಾ, ಇಲ್ಲಿ,” ಎಂದು ಎಳೆದುಕೊಂಡೇ ಹೋದಳು. ಹರಗಿದ ನೆಲದ ನಡುವೆ ಒಂದು ಚೂರು ಜಾಗ ಹುಲ್ಲು ಸಮೇತ ಹಾಗೇ ಉಳಿದಿತ್ತು. ಅದರ ಮಧ್ಯೆ, ಗೂಡೂ ಇಲ್ಲ ಏನೂ ಇಲ್ಲ, ಬರಿಯ ನೆಲದ ಮೇಲೆ ಒಂದೇ ಒಂದು ಮೊಟ್ಟೆ.

“ಮೊಟ್ಟಿ ಮ್ಯಾಲ ಕುಂಟಿ ಹೊಡಿಯಾಕ ಕೈ ಬರಲಿಲ್ಲ. ಅಷ್ಟ,” ಎಂದಳು ಗಂಗವ್ವ. “ನಾ ದೊಡ್ಡ ಪುಣ್ಯವಂತಿ ಅಂತ ತಿಳಕೋಬ್ಯಾಡ್ರಿ. ಮರಿ ದೊಡ್ಡದಾದ್ರ ನಮ್ಮ ಮೈದುನ ಹೊಡದ್ರೂ ಹೊಡದಾನ. ನಾವೂ ತಿಂದೀವಿ.” ಬಳಿಕ ನನ್ನ ಕಡೆ ತಿರುಗಿ, “ಈ ಹಕ್ಕಿ ಉಳಿಬೇಕಂದ್ರ ನಾ ಎದ್ದು ಹೋಗಬೇಕೇನು, ಕೇಳ್ರಿ ಈಕಿನ್ನ,” ಎಂದಳು.

ಕೇಳಿದೆ. ಅಷ್ಟು ಸರಳವಾದ ಇಂಗ್ಲಿಷ್ ವಾಕ್ಯವನ್ನು ನಾನು ತರಗತಿಯಲ್ಲಿಯೂ ಆಡಿರಲಿಲ್ಲ. ಮಿಸ್ ಕೆಂಟ್ ಹ್ಯಾಟು ತೆಗೆದು ಕೈಯಲ್ಲಿ ತಿರುಗಿಸತೊಡಗಿದಳು. ಕೊನೆಗೆ, ಈಕೆಗೆ ಬೇರೆ ಹೊಲ ಕೊಡಿಸಬೇಕು ಎಂದಳು.

“ಬ್ಯಾರೆ ಹೊಲಾ ಹಕ್ಕಿಗೆ ಕೊಡಸ್ರಿ,” ಎಂದಳು ಗಂಗವ್ವ.

ಮಿಸ್ ಕೆಂಟ್ ಅಣ್ಣಾಮಾಮಾನ ಕಡೆ ತಿರುಗಿದಳು. ಈ ಹೊಲ ಹಕ್ಕಿಗಿರಲಿ. ನಿಮ್ಮ ಬೇರೆ ಜಮೀನಿನಲ್ಲಿ ಇಷ್ಟೇ ನೆಲವನ್ನು ಈ ಹೆಂಗಸಿನ ಹೆಸರಿಗೆ ಮಾಡಿಕೊಡುತ್ತೀರಾ? ನಾನು ಅನುವಾದಿಸಿ ಮುಗಿಸುವ ಮೊದಲೇ ಮಾಮಾ ಆಕಾಶ ನೋಡತೊಡಗಿದ್ದ. “ಮಳಿ ಬರೂಹಂಗ ಕಾಣಸ್ತದ. ಹೊಂಡೋಣು,” ಎಂದ.

ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಮಿಸ್ ಕೆಂಟ್ ಬಗ್ಗಿ ಆ ಹುಲ್ಲಿನ ಚೂರನ್ನು ಇನ್ನೊಮ್ಮೆ ನೋಡಿ, ಗಂಗವ್ವನಿಗೆ ನಮ್ಮ ರೀತಿಯಲ್ಲೇ ಕೈಮುಗಿದು, ರಸ್ತೆಯ ಕಡೆ ನಡೆದಳು. ಜೀಪಿನಲ್ಲಿ ಒಂದೇ ಮಾತು ಆಡಿದಳು: ನಾನು ಹಕ್ಕಿಯ ಬಗ್ಗೆ ಮಾತ್ರ ಓದಿಕೊಂಡು ಬಂದಿದ್ದೆ. ಅದನ್ನು ಹೇಳುವಾಗ ಅವಳ ಮುಖ ನನ್ನ ವಿದ್ಯಾರ್ಥಿನಿಯೊಬ್ಬಳ ಮುಖದಂತಿತ್ತು.

ಅವಳು ಹೊರಟುಹೋದಳು. ಗಂಗವ್ವನ ಅರ್ಜಿ ವಿಚಾರಣೆಗೆ ಬಂದಾಗ ಅಣ್ಣಾಮಾಮಾ, ಆ ಹೊಲದಲ್ಲಿ ಸಾಗುವಳಿಯೇ ಬೇಡ, ಅದು ಅಪರೂಪದ ಹಕ್ಕಿಯ ನೆಲೆ, ಪರದೇಶದವರೇ ಬಂದು ನೋಡಿದ್ದಾರೆ ಎಂದು ವಾದಿಸಿದನಂತೆ. ಮಾಮಲೇದಾರರು, “ಹಕ್ಕಿ ಅರ್ಜಿ ಕೊಟ್ಟದೇನ್ರಿ ರಾಯರ?” ಎಂದು ಕೇಳಿದರಂತೆ. ಹೊಲ ಗಂಗವ್ವನದಾಯಿತು. ಮಾಮಾ ಹಲವು ದಿನ ನಮ್ಮ ಮನೆಗೆ ಬರಲಿಲ್ಲ. ಬಂದಾಗ ಹಕ್ಕಿಯ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮೊಟ್ಟೆ ಏನಾಯಿತು ಎನ್ನುತ್ತೀರಿ. ನಾನೂ ಕೇಳಿದ್ದೆ. ಒಂದು ಮುಂಜಾನೆ ಚಿಪ್ಪಿನ ಚೂರು ಬಿದ್ದಿದ್ದವಂತೆ. ಮರಿ ಚಿಪ್ಪೊಡೆದು ಹೋಯಿತೋ ನರಿ ತಿಂದಿತೋ ಗಂಗವ್ವನಿಗೂ ತಿಳಿಯಲಿಲ್ಲ. ಸುದ್ದಿ ಮಾತ್ರ ಸುತ್ತಲ ಊರುಗಳಲ್ಲಿ ಸತ್ತಿರಲಿಲ್ಲ. ಹಕ್ಕಿ ಕಂಡರೆ ಹೊಲ ಹೋಗುತ್ತದೆಂದು ಜನ ಡಬ್ಬಿ ಬಡಿದು, ಕಲ್ಲು ಬೀರಿ ಅವನ್ನು ಓಡಿಸತೊಡಗಿದರು. ಮೊದಲು ತಿನ್ನಲು ಹೊಡೆಯುತ್ತಿದ್ದವರು ಈಗ ಹೆದರಿ ಹೊಡೆದರು. ಕೆಂಪಬಾಯಿ ಬರದೆ ಇದ್ದಿದ್ದರೆ ಅವು ಇನ್ನಷ್ಟು ದಿನ ಇರುತ್ತಿದ್ದವೋ, ಬಂದದ್ದರಿಂದ ಎಲ್ಲಿಯಾದರೂ ಉಳಿದವೋ, ನಾನು ಎಷ್ಟು ಸಲ ತೂಗಿದರೂ ತಕ್ಕಡಿ ನಿಲ್ಲುವುದಿಲ್ಲ. ಇಂಥ ಸಂಸ್ಥೆಗಳು ಎಷ್ಟೋ ಪ್ರಾಣಿಗಳನ್ನು ಸಾವಿನ ಬಾಗಿಲಿನಿಂದ ಹಿಂದಕ್ಕೆ ಕರೆತಂದದ್ದನ್ನು ಮುಂದೆ ಓದಿದ್ದೇನೆ, ಓದಿ ಹಿಗ್ಗಿದ್ದೇನೆ. ಹಿಗ್ಗಿದ ಬೆನ್ನಿಗೇ ಆ ಡಬ್ಬಿಯ ಸದ್ದೂ ಕೇಳುತ್ತದೆ.

ಕೆಲವು ವರ್ಷಗಳ ಬಳಿಕ ಮಿಸ್ ಕೆಂಟ್ ಹೊಸವರ್ಷದ ಶುಭಾಶಯ ಕಳಿಸಿ, ಗಂಗವ್ವ ಹೇಗಿದ್ದಾಳೆ, ಹಕ್ಕಿ ಹೇಗಿದೆ ಎಂದು ಕೇಳಿದ್ದಳು. ಬೀಳಗಿಯ ಸಂತೆಯಲ್ಲಿ ಗಂಗವ್ವ ಸಿಕ್ಕಾಗ ಓದಿ ಹೇಳಿದೆ.

“ಆರಾಮ ಅದೀನಿ ಅಂತ ಬರೀರಿ ಅಕ್ಕಾರ.”

“ಹಕ್ಕಿ?”

ಗಂಗವ್ವ ಸಂತೆಯ ಚೀಲ ಕೆಳಗಿಟ್ಟಳು. “ಅದೂ ಆರಾಮ ಐತಂತ ಬರೀರಿ. ಅಷ್ಟ ದೂರ ಕುಂತಾಳ, ಪಾಪ. ಯಾಕ ನೋಯಸೂದು?”

ಗಂಗವ್ವ ಹೀಗೆ ಹೇಳುತ್ತಾಳೆ ಎಂದೇ ಬರೆದೆ. ಅವಳು ಹೇಳಿದ್ದಂತೂ ನಿಜ.

ಮೊನ್ನೆ ಸಂಬಂಧಿಕರ ಮದುವೆಗೆ ಬೀಳಗಿಗೆ ಹೋಗಿದ್ದೆ. ಕೃಷ್ಣೆಗೆ ಆಣೆಕಟ್ಟು ಕಟ್ಟಿ ಹಿನ್ನೀರು ನಿಂತ ಮೇಲೆ ಆ ಕಡೆ ಹೋದದ್ದು ಅದೇ ಮೊದಲು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ನೋಡಿದರೆ ಏರಿನ ಕೆಳಗೆ ಕಣ್ಣು ಹರಿಯುವಷ್ಟು ನೀರು. ಏರಿನ ಗುರುತು ನನಗೆ ಹತ್ತಿತು. ಗಂಗವ್ವ ಕೊನೆಯವರೆಗೂ ಉತ್ತು ಉಂಡ ನೆಲ ಅದರಡಿ ಇತ್ತು. ಅವಳ ಮನೆಯವರು ಈಗ ಪುನರ್ವಸತಿ ಕೇಂದ್ರದಲ್ಲಿದ್ದಾರೆಂದು ಕೇಳಿದ್ದೆ.

ದಡದಲ್ಲಿ ಒಂದು ತರುಣರ ಗುಂಪು ಮುಕ್ಕಾಲಿಯ ಮೇಲೆ ಉದ್ದನೆಯ ದೂರದರ್ಶಕ ಹೂಡಿ ನೀರಿನ ಕಡೆ ನೋಡುತ್ತಿತ್ತು. ಅವರಲ್ಲೊಬ್ಬ ಹುಡುಗಿ ನನ್ನನ್ನು ಕರೆದು ತೋರಿಸಿದಳು. ನೀರಿನ ಮೇಲೆ ಬೂದುಬಣ್ಣದ ಬಾತುಗಳ ದೊಡ್ಡ ಹಿಂಡು. “ಮಂಗೋಲಿಯಾದಿಂದ ಬರ್ತಾವ ಅಜ್ಜಿ, ಪರ್ವತ ದಾಟಿ. ಇವನ್ನ ಕಾಪಾಡಬೇಕಂತ ನಾವು ಕೆಲಸ ಮಾಡಾಕತ್ತೇವಿ,” ಎಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

“ಛಲೋ ಕೆಲಸ ಮಗಳ,” ಎಂದೆ. “ಇಲ್ಲೆ ಮೊದಲು ಹೊಲಾ ಇತ್ತು.”

“ಹೌದ್ರಿ? ಯಾರದು?”

ಬಾಯಿಗೆ ಮೊದಲು ಬಂದದ್ದು ಮಾಮಾನ ಹೆಸರು. ಆಮೇಲೆ ಆ ಹಕ್ಕಿಯ ಹೆಸರು. ಎರಡನ್ನೂ ನುಂಗಿಕೊಂಡೆ. ಹುಡುಗಿ ದೂರದರ್ಶಕ ಬಿಟ್ಟು ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಗಂಗವ್ವಂದು,” ಎಂದೆ. “ಕೂಡು ಬಾ, ಆಕಿ ಬಗ್ಗೆ ಹೇಳ್ತೀನಿ.”